ಹಾಡಿನ ಕೆಳಗೆ ಯಾರ ಹೆಸರು?

ಬ್ರಿಸ್ಬೇನ್‌ನ ಪಬ್‌ಗಳಲ್ಲಿ ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಬ್ಯಾಂಡ್ ಒಂದು ಹೇಗೆ ಬಾಳಬೇಕು ಎಂಬುದಕ್ಕೆ ನನಗೆ ಮಾದರಿ ಇದೇ ಊರಿನ ಪೌಡರ್‌ಫಿಂಗರ್.

1. ಹಾಡು ಯಾರದೆಂದು ಮೊದಲೇ ಮಾತಾಡಿಕೊಳ್ಳಿ. ನಾನು ಕಂಡ ತಂಡಗಳು ಒಡೆದದ್ದು ಅಪಸ್ವರದಿಂದಲ್ಲ, ಈ ಒಂದು ಪ್ರಶ್ನೆಯಿಂದ. ಪಬ್ಬಿನವರು ಕೊಡುವ ದುಡ್ಡು ವ್ಯಾನಿನ ಪೆಟ್ರೋಲಿಗೇ ಸರಿಹೋಗುತ್ತದೆ. ವರ್ಷಗಟ್ಟಲೆ ಬರುವುದು ರಾಯಲ್ಟಿ, ಅದರಲ್ಲೂ ರಚನೆಯ ಪಾಲು ಹೆಸರಿದ್ದವರಿಗೆ ಮಾತ್ರ. ಹಾಡಿಗೆ ನಡೆ ಕೊಟ್ಟ ಡ್ರಮ್ಮರ್ ಹೆಸರು ಎಷ್ಟೋ ಸಲ ಅಲ್ಲಿರುವುದೇ ಇಲ್ಲ. ಪೌಡರ್‌ಫಿಂಗರ್ ತನ್ನ ಹಾಡುಗಳಿಗೆ ಇಡೀ ತಂಡದ ಹೆಸರನ್ನೇ ಹಾಕಿತು. ಜನ ಗುರುತಿಸುತ್ತಿದ್ದದ್ದು ಗಾಯಕ ಬರ್ನಾರ್ಡ್ ಫ್ಯಾನಿಂಗ್ ಅವರನ್ನು. ಆದರೂ ರಚನೆ ಐವರದು. 1992ರ ಹೊತ್ತಿಗೆ ಕೂಡಿದ ಆ ಐವರೇ 2010ರವರೆಗೂ ಜೊತೆಗಿದ್ದರು. ಇದು ಕಾಕತಾಳೀಯ ಎಂದು ನಾನು ಒಪ್ಪಲಾರೆ.

2. ಕಲಿತದ್ದನ್ನೆಲ್ಲ ಮೊದಲ ಆಲ್ಬಂನಲ್ಲೇ ತುರುಕಬೇಡಿ. ಅವರ 1994ರ ‘ಪ್ಯಾರಬಲ್ಸ್ ಫಾರ್ ವುಡನ್ ಇಯರ್ಸ್’ ತೀರ ಜಟಿಲವಾಗಿತ್ತು, ಜನಕ್ಕೆ ಹಿಡಿಸಲಿಲ್ಲ. 1996ರ ‘ಡಬಲ್ ಅಲರ್ಜಿಕ್’ನಲ್ಲಿ ಹಾಡುಗಳು ಹಗುರಾದವು, ಕೇಳುಗರು ಬಂದರು. ಬೇಸ್ ನುಡಿಸುವವರು ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಯಾವ ಸ್ವರವನ್ನು ಬಿಟ್ಟರೆ ಹಾಡು ನಿಲ್ಲುತ್ತದೆ ಎಂದು ಕಿವಿಗೇ ತಿಳಿಯುತ್ತದೆ.

3. ಸಿನಿಮಾ ಕೆಲಸವೆಂದು ಅರೆಮನಸ್ಸು ಬೇಡ. ‘ಟೂ ಹ್ಯಾಂಡ್ಸ್’ ಚಿತ್ರಕ್ಕೆ ಪೌಡರ್‌ಫಿಂಗರ್ ಕೊಟ್ಟ ‘ದೀಸ್ ಡೇಸ್’ ಹಾಡು, ಟ್ರಿಪಲ್ ಜೆ ರೇಡಿಯೋದ 1999ರ ‘ಹಾಟೆಸ್ಟ್ 100’ರಲ್ಲಿ ಕೇಳುಗರ ಮತದಿಂದ ಮೊದಲ ಸ್ಥಾನಕ್ಕೇರಿತು.

4. ಸಮಕಾಲೀನರನ್ನು ಪೈಪೋಟಿದಾರರೆಂದೇ ಎಣಿಸಬೇಡಿ. 2007ರಲ್ಲಿ ಪೌಡರ್‌ಫಿಂಗರ್ ಮತ್ತು ನ್ಯೂಕ್ಯಾಸಲ್‌ನ ಸಿಲ್ವರ್‌ಚೇರ್, ಎರಡೂ ಜನಪ್ರಿಯತೆಯ ತುದಿಯಲ್ಲಿದ್ದಾಗಲೇ, ಒಟ್ಟಿಗೆ ದೇಶ ಸುತ್ತಿದವು. ಮೂಲನಿವಾಸಿಗಳ ಆಯಸ್ಸು ಉಳಿದವರಿಗಿಂತ ಅಷ್ಟು ಕಡಿಮೆ ಏಕೆ ಎಂಬುದರತ್ತ ಗಮನ ಸೆಳೆಯುವುದು ಆ ಪ್ರವಾಸದ ಉದ್ದೇಶವಾಗಿತ್ತು. ಎರಡು ದೊಡ್ಡ ತಂಡಗಳು ಹೀಗೆ ವೇದಿಕೆ ಹಂಚಿಕೊಂಡದ್ದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

5. ನಿಲ್ಲಿಸುವುದಾದರೆ ಹೇಳಿ ನಿಲ್ಲಿಸಿ. ‘ಗೋಲ್ಡನ್ ರೂಲ್’ ಆಲ್ಬಂ ಬಂದ ಮರುವರ್ಷವೇ ಅವರು ವಿದಾಯದ ಪ್ರವಾಸ ಘೋಷಿಸಿ, 2010ರ ನವೆಂಬರ್ 13ರಂದು ಬ್ರಿಸ್ಬೇನ್‌ನ ರಿವರ್‌ಸ್ಟೇಜ್‌ನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. ಮುನಿಸಿನಲ್ಲಿ ಮುಗಿಯದ ಕಾರಣ ಮುಂದಿನ ದಾರಿಯೂ ತೆರೆದಿತ್ತು: ಗಿಟಾರಿಸ್ಟ್ ಇಯಾನ್ ಹಾಗ್ ‘ದಿ ಚರ್ಚ್’ ತಂಡ ಸೇರಿದರು, ಬೇಸ್ ನುಡಿಸುತ್ತಿದ್ದ ಜಾನ್ ಕಾಲಿನ್ಸ್ 2014ರಲ್ಲಿ ಹಳೆಯ ವಿಮಾನ ಹ್ಯಾಂಗರ್ ಒಂದರಲ್ಲಿ ‘ದಿ ಟ್ರಿಫಿಡ್’ ಎಂಬ ಸಂಗೀತ ಸಭಾಂಗಣ ತೆರೆದರು.