ಹಗ್ಗ ಯಾರ ಕೈಯಲ್ಲಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಆಪತ್ತು ಒಂದೇ ದಾರಿಯಲ್ಲಿ ಬರುವುದಿಲ್ಲ. ಮಳೆ ಜೋರಾದರೆ ಕೆರೆ ಏರಿಗಳ ಚಿಂತೆ. ರಜೆ ಬಂತೆಂದರೆ ಮಂಚನಬೆಲೆ, ಸಂಗಮಗಳಲ್ಲಿ ಮುಳುಗುವವರ ಚಿಂತೆ. ಹೆದ್ದಾರಿಯ ಅಪಘಾತಗಳು, ಕಬ್ಬಾಳು ಕಾಡಿನ ಕಡೆಯಿಂದ ಇಳಿಯುವ ಆನೆಗಳು ಬೇರೆ. ನಮ್ಮದು ಹೆಸರಿಲ್ಲದ ಸ್ವಯಂಸೇವಕರ ಗುಂಪು. ರೇಷ್ಮೆ ನೂಲು ತೆಗೆಯುವವರು, ಬೊಂಬೆ ಮಾಡುವವರು, ಆಟೊ ಓಡಿಸುವವರು, ಡೇರಿಗೆ ಹಾಲು ಹಾಕುವ ರೈತರು ಇದರಲ್ಲಿದ್ದಾರೆ. ನಾನು ಇದರ ಮುಂದಾಳಾದದ್ದು ವಯಸ್ಸಿನಲ್ಲಿ ಹಿರಿಯನೆಂಬ ಕಾರಣಕ್ಕೆ. ತರಬೇತಿ ಸಿಕ್ಕಿದ್ದು ಆಮೇಲೆ. ಈಚೆಗೆ ಸೇರಿದ ಹುಡುಗರು ನನ್ನ ಹಾಗೆ ಪೆಟ್ಟು ತಿಂದೇ ಕಲಿಯುವುದು ಬೇಡವೆಂದು ಇಷ್ಟನ್ನು ಬರೆದಿದ್ದೇನೆ.

1. ಯಾರ ಮಾತು ಕೊನೆಯದು ಎಂದು ಮಳೆಗೆ ಮೊದಲೇ ತೀರ್ಮಾನವಾಗಲಿ

2022ರ ಆಗಸ್ಟ್ ಕೊನೆಯ ಮಳೆ ಈ ಕಡೆಯವರಿಗೆ ಮರೆಯುವಂಥದ್ದಲ್ಲ. ಭಕ್ಷಿ ಕೆರೆಯ ನೀರು ರಾಮನಗರದೊಳಕ್ಕೆ ನುಗ್ಗಿತು. ಸಂಗಬಸವನದೊಡ್ಡಿ ಬಳಿ ಹೆದ್ದಾರಿಯ ಅಂಡರ್‌ಪಾಸಿನಲ್ಲಿ ಬಸ್ಸು, ಕಾರುಗಳು ನೀರಿನಲ್ಲಿ ಸಿಕ್ಕಿಕೊಂಡವು. ಆ ರಾತ್ರಿ ನಾವೂ ಒಂದು ತಗ್ಗು ಬಡಾವಣೆಯಲ್ಲಿದ್ದೆವು. ಎಲ್ಲರಿಗೂ ಉತ್ಸಾಹವಿತ್ತು, ಎಲ್ಲರೂ ಅಪ್ಪಣೆ ಕೊಡುತ್ತಿದ್ದರು. ನಾನು ಒಂದು ಹೇಳಿದರೆ ಪಕ್ಕದವರು ಇನ್ನೊಂದು ಹೇಳುತ್ತಿದ್ದರು, ನಾನು ಸುಮ್ಮನಾಗುತ್ತಿದ್ದೆ. ಇಂಥ ಹೊತ್ತಿನಲ್ಲಿ ಮುಂದಾಳು ಸುಮ್ಮನಾಗುವುದು ಸೌಜನ್ಯವೆಂದು ಆಗ ನಂಬಿದ್ದೆ. ಎರಡು ತಂಡ ಒಂದೇ ಮನೆಯ ಬಾಗಿಲು ತಟ್ಟಿದವು. ಹಿಂದಿನ ಸಾಲಿನಲ್ಲಿ ವಯಸ್ಸಾದ ಗಂಡ ಹೆಂಡತಿ ಬೆಳಗಿನವರೆಗೂ ಅಟ್ಟದ ಮೇಲೆ ಕೂತಿದ್ದರು. ಆ ಸಾಲು ಯಾರದು ಎಂದು ಯಾರಿಗೂ ಹೇಳಿರಲಿಲ್ಲ, ಹೇಳಬೇಕಾದವನು ನಾನು.

ಜಿಲ್ಲೆಯ ಮಟ್ಟದಲ್ಲಿ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸ್ಥಳದಲ್ಲಿ ಒಬ್ಬರೇ ಹೊಣೆಗಾರರಿರಬೇಕು, ಒಬ್ಬರ ಕೈಕೆಳಗೆ ಸುಮಾರು ಐದು ಜನರಿದ್ದರೆ ನಿಭಾಯಿಸಬಹುದು ಎಂಬುದು ವಿಪತ್ತು ತರಬೇತಿಯಲ್ಲಿ ಎಲ್ಲೆಡೆ ಹೇಳಿಕೊಡುವ ಪಾಠ. ನಾನೋ ಇಡೀ ಗುಂಪನ್ನು ಒಬ್ಬನೇ ನಡೆಸಲು ಹೋಗಿದ್ದೆ. ಈಗ ಐದೈದು ಜನರ ತಂಡ, ತಂಡಕ್ಕೊಬ್ಬ ಹೊಣೆಗಾರ. ಯಾವ ಸಾಲಿಗೆ ಯಾರು ಹೋದರು, ಎಷ್ಟು ಜನರನ್ನು ಕರೆತಂದರು ಎಂದು ದಡದಲ್ಲಿ ಒಬ್ಬರು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾರೆ. ಶಾಯಿ ಮಳೆಗೆ ಕಲೆಸಿಹೋಗುತ್ತದೆ. ತಹಸೀಲ್ದಾರರೋ ಅಗ್ನಿಶಾಮಕದವರೋ ಬಂದ ತಕ್ಷಣ ನೋಟ್‌ಬುಕ್ಕೂ ನಾವೂ ಅವರ ಮಾತಿನ ಕೆಳಗೆ.

2. ಹೊಣೆ ಹೊತ್ತವನು ನೀರಿಗಿಳಿಯಬಾರದು

ಅದೇ ರಾತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ಇಳಿದವನು ನಾನೇ. ನನ್ನ ಫೋನು ದಡದಲ್ಲಿ ಯಾರದೋ ಜೇಬಿನಲ್ಲಿತ್ತು. ದೋಣಿ ಎಲ್ಲಿಗೆ ಬರಬೇಕೆಂದು ಕೇಳಲು ಬಂದ ಕರೆಗಳಿಗೆ ಉತ್ತರ ಸಿಗಲಿಲ್ಲ, ದೋಣಿ ಬೇರೆ ಕಡೆಗೆ ಹೋಯಿತು. ನಾನು ಒಂದು ಮಗುವನ್ನು ಎತ್ತಿ ತಂದಿದ್ದೆ, ಜನ ಬೆನ್ನು ತಟ್ಟಿದರು. ಆ ದೋಣಿ ಬಂದಿದ್ದರೆ ಅರ್ಧ ಬೀದಿಯೇ ಬೇಗ ಹೊರಗೆ ಬರುತ್ತಿತ್ತು. ಆ ಲೆಕ್ಕ ಇವತ್ತಿಗೂ ನನ್ನನ್ನು ಕಾಡುತ್ತದೆ.

3. ನೀರಗಂಟಿಯ ಮಾತು ಮೊದಲು, ಮೊಬೈಲಿನ ಸಂದೇಶ ಆಮೇಲೆ

ಚನ್ನಪಟ್ಟಣದ ಕಡೆಯ ಒಂದು ಕೆರೆ. ನೀರು ಬಿಡುವ ಕೆಲಸವನ್ನು ತಲೆಮಾರಿನಿಂದ ನೋಡಿಕೊಂಡು ಬಂದ ಮನೆಯ ಹಿರಿಯರೊಬ್ಬರು ಏರಿಯ ಹಿಂಬದಿಯನ್ನು ಟಾರ್ಚು ಬಿಟ್ಟು ತೋರಿಸಿದರು. "ನೋಡು, ಕೆಂಪಗೆ ಜಿನುಗ್ತಾ ಅದೆ. ಬೆಳಗಾಗೋ ಗಂಟ ಕಾಯ್ಬೇಡ ಕಣಪ್ಪ. ಕೆಳಗಿನ ಮನೆಯೋರ್ನ ಎಬ್ಸು, ದನ ಬಿಚ್ಸು" ಅಂದರು. ಕೋಡಿಗೆ ಗಿಡಗಂಟೆ ಅಡ್ಡ ಬಿದ್ದು ನೀರು ಹೋಗಲು ದಾರಿಯಿರಲಿಲ್ಲ. ನಾನು ಅಧಿಕೃತ ಎಚ್ಚರಿಕೆ ಬರಲೆಂದು ಕಾದೆ.

ಏರಿಯ ಬುಡದಲ್ಲಿ ತಿಳಿನೀರು ಒಸರುವುದು ಎಷ್ಟೋ ಹಳೆಯ ಕೆರೆಗಳಲ್ಲಿ ಇರುವಂಥದ್ದೇ. ನೀರು ಬಣ್ಣ ತಿರುಗಿತೆಂದರೆ ಏರಿಯ ಮಣ್ಣು ಒಳಗಿನಿಂದ ಕೊಚ್ಚಿಹೋಗುತ್ತಿದೆ ಎಂದರ್ಥ. ಆ ಹಿರಿಯರಿಗೆ ಇದು ಕಣ್ಣಲ್ಲೇ ತಿಳಿದಿತ್ತು. ಏರಿ ಒಡೆದಾಗ ಜನರು ಹೇಗೋ ಎದ್ದು ಓಡಿದರು. ಕಟ್ಟಿದ ಹಸುಗಳು ಕೊಟ್ಟಿಗೆಯಲ್ಲೇ ಸತ್ತವು. ಒಬ್ಬ ರೈತನ ರೇಷ್ಮೆ ಹುಳು ಮನೆಗೆ ನೀರು ನುಗ್ಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಿದ್ದ ಹುಳುಗಳೆಲ್ಲ ಹೋದವು. ಮಾರುಕಟ್ಟೆಗೆ ಗೂಡು ಒಯ್ದು ಸಾಲ ತೀರಿಸಬೇಕೆಂದಿದ್ದ ಮನೆ ಅದು. ಇನ್ನೊಂದು ಗಂಟೆ ಮೊದಲು ಬಾಗಿಲು ಬಡಿದಿದ್ದರೆ ಹಸುಗಳಾದರೂ ಉಳಿಯುತ್ತಿದ್ದವು. ಸುಮ್ಮಸುಮ್ಮನೆ ಎಬ್ಬಿಸಿದ ಎಂದು ಬೈಸಿಕೊಳ್ಳುವ ಭಯ ನನ್ನನ್ನು ತಡೆದಿತ್ತು. ಈಗ ಆ ಬೈಗುಳಕ್ಕೆ ಸಿದ್ಧನಾಗಿಯೇ ಬಾಗಿಲು ಬಡಿಯುತ್ತೇನೆ.

4. ಕೋಲು ಚಾಚಿ, ಹಗ್ಗ ಎಸೆಯಿರಿ, ಹೊಟ್ಟೆ ಒತ್ತಬೇಡಿ

ಮಾಗಡಿ ತಾಲ್ಲೂಕಿನ ಮಂಚನಬೆಲೆ ಹಿನ್ನೀರು ನೋಡಲು ಶಾಂತ, ಕೆಳಗೆ ಕೆಸರು, ಆಳ ಹಠಾತ್ತನೆ ಇಳಿಯುತ್ತದೆ. ಕನಕಪುರದ ಸಂಗಮದಲ್ಲಿ ಇನ್ನೊಂದು ಅಪಾಯ: ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಸುರಿದು ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಕಾವೇರಿ ಏರಿಬಿಡುತ್ತದೆ. ಒಬ್ಬ ಮುಳುಗುತ್ತಿದ್ದರೆ ಗೆಳೆಯರು ಒಬ್ಬೊಬ್ಬರಾಗಿ ಹಾರುತ್ತಾರೆ, ಒಂದು ಸಾವು ಮೂರಾಗುತ್ತದೆ.

ಒಮ್ಮೆ ಹಿನ್ನೀರಿನಿಂದ ಎತ್ತಿ ತಂದ ಹುಡುಗನನ್ನು ಸುತ್ತಲಿದ್ದವರು ಹೆಗಲ ಮೇಲೆ ಬೋರಲು ಹಾಕಿಕೊಂಡು ತಿರುಗಿಸಿದರು, ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡಿದರು. ನಾನು ತಡೆಯಲಿಲ್ಲ, ಕೈಜೋಡಿಸಿದೆ. ಅವನು ಉಳಿಯಲಿಲ್ಲ. ಸರಿಯಾಗಿ ಮಾಡಿದ್ದರೆ ಉಳಿಯುತ್ತಿದ್ದನೋ ಹೇಳಲಾರೆ, ಆದರೆ ಅವನಿಗೆ ಸಿಗಬೇಕಿದ್ದ ನಿಮಿಷಗಳನ್ನು ನಾವು ಕಳೆದೆವು. ಮುಳುಗಿದವನಿಗೆ ಬೇಕಾದದ್ದು ಉಸಿರು. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಂದ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಗಟ್ಟಿಯಾಗಿ ಒತ್ತಿ, 2 ಸಲ ಉಸಿರು ಕೊಟ್ಟು, ಮತ್ತೆ 30. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸು ಬರುವವರೆಗೂ ನಿಲ್ಲಿಸುವ ಹಾಗಿಲ್ಲ.

ದಡದಲ್ಲಿ ಇರಬೇಕಾದ ಸಾಮಾನು ಅಗ್ಗದ್ದು: ಉದ್ದದ ಬಿದಿರು ಕೋಲು, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು. ಕ್ಯಾನಿನಲ್ಲಿ ಒಂದಿಷ್ಟು ನೀರಿದ್ದರೆ ದೂರ ಎಸೆಯಲು ಭಾರ ಸಿಗುತ್ತದೆ. ಈಜು ಬಲ್ಲವನೂ ಇದೆಲ್ಲ ಆದಮೇಲೆ, ಹಗ್ಗದ ತುದಿ ದಡದಲ್ಲಿ ಒಬ್ಬನ ಕೈಯಲ್ಲಿದ್ದರೆ ಮಾತ್ರ ಇಳಿಯಬೇಕು.

5. ಹೆದ್ದಾರಿಯಲ್ಲಿ "ರಾಮನಗರದ ಹತ್ತಿರ" ಎಂದರೆ ಆಂಬುಲೆನ್ಸಿಗೆ ದಾರಿ ತಿಳಿಯದು

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯರಸ್ತೆಗೆ ಬೇಕೆಂದ ಕಡೆ ಹತ್ತಿಳಿಯಲು ಆಗುವುದಿಲ್ಲ. ಯಾವ ಕಡೆಗೆ ಹೋಗುವ ರಸ್ತೆ, ಮುಖ್ಯರಸ್ತೆಯೋ ಸರ್ವಿಸ್ ರಸ್ತೆಯೋ, ಹತ್ತಿರದ ಕಿಲೋಮೀಟರ್ ಫಲಕದಲ್ಲಿ ಏನಿದೆ — ಈ ಮೂರನ್ನು 108ಕ್ಕೋ 112ಕ್ಕೋ 1033ಕ್ಕೋ ಮೊದಲ ವಾಕ್ಯದಲ್ಲೇ ಹೇಳಿ. ನಾನು ಇದನ್ನು ಹೇಳದೆ, ಆಂಬುಲೆನ್ಸು ಎದುರು ಬದಿಯಲ್ಲಿ ಹಾದುಹೋದದ್ದನ್ನು ನಿಂತು ನೋಡಿದ್ದೇನೆ. ಪೊಲೀಸ್ ಸ್ಟೇಷನ್ ಅಲೆಯಬೇಕಾದೀತೆಂದು ಗಾಯಾಳುವನ್ನು ಮುಟ್ಟಲು ಹೆದರುವವರು ಈಗಲೂ ಇದ್ದಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

6. ಆನೆ ಬಂದಾಗ ಕಾಯಬೇಕಾದದ್ದು ಜನರನ್ನು

ಮೊಬೈಲು ಹಿಡಿದು ಓಡುವ ಗುಂಪೇ ಆನೆಯನ್ನು ಕೆರಳಿಸುತ್ತದೆ. ಆನೆ ಓಡಿಸುವ ಕೆಲಸ ಅರಣ್ಯ ಇಲಾಖೆಯದು. ನಮ್ಮ ಕೆಲಸ ರಸ್ತೆಯ ಎರಡು ತುದಿಯಲ್ಲಿ ನಿಂತು ಜನರನ್ನು ತಡೆಯುವುದು, ತೋಟದಲ್ಲಿ ಒಂಟಿಯಾಗಿರುವವರಿಗೆ ಫೋನು ಮಾಡುವುದು, ಆನೆಗೆ ಹೋಗಲು ಒಂದು ದಿಕ್ಕನ್ನು ಖಾಲಿ ಬಿಡುವುದು.

7. ಮನೆಗೆ ಹೋದವರನ್ನೂ ವಿಚಾರಿಸಿ

ಮಂಚನಬೆಲೆಯ ಆ ಹುಡುಗನನ್ನು ಎತ್ತಿ ತಂದವನು ನಮ್ಮ ಗುಂಪಿನಲ್ಲೇ ಚಿಕ್ಕವನು. ಅವತ್ತು ಎಲ್ಲರೂ ಟೀ ಕುಡಿದು ಚದುರಿದೆವು. ಅವನು ಆಮೇಲೆ ಬರುವುದನ್ನೇ ನಿಲ್ಲಿಸಿದ. ಕೆಲಸ ಜಾಸ್ತಿಯಿರಬೇಕು ಎಂದುಕೊಂಡೆ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಅವನ ತಾಯಿ ಹೇಳಿದ ಮೇಲೆ ಹೋಗಿ ಕೂತೆ. "ನಾನು ಇನ್ನೂ ಬೇಗ ಹೋಗಬೇಕಿತ್ತಾ ಅಣ್ಣ?" ಎಂದು ಅವನು ಕೇಳಿದ್ದೇ ಒಂದು ಪ್ರಶ್ನೆ. "ನೀನು ಸರಿಯಾಗೇ ಹೋದೆ, ದಡದಲ್ಲಿ ತಪ್ಪಿದವರು ನಾವು" ಎಂದು ಅವತ್ತೇ ಹೇಳಬೇಕಿತ್ತು. ಈಗ ಯಾವ ಘಟನೆಯ ಮರುದಿನವೂ ಎಲ್ಲರೂ ಸೇರುತ್ತೇವೆ. ಏನಾಯಿತು, ಎಲ್ಲಿ ತಡವಾಯಿತು ಎಂದು ನಾನೇ ಮೊದಲು ಮಾತಾಡುತ್ತೇನೆ, ನನ್ನ ತಪ್ಪಿನಿಂದ ಶುರುಮಾಡುತ್ತೇನೆ. ಬಾರದವರ ಮನೆಗೆ ಅದೇ ಸಂಜೆ ಒಬ್ಬರು ಹೋಗುತ್ತಾರೆ. ಆ ಹುಡುಗ ಈಗಲೂ ನೀರಿಗಿಳಿಯುವುದಿಲ್ಲ. ದಡದ ನೋಟ್‌ಬುಕ್ಕು ಅವನದೇ ಕೈಯಲ್ಲಿದೆ, ಅದರಲ್ಲಿ ಇಲ್ಲಿಯವರೆಗೆ ಯಾವ ಮನೆಯೂ ಬಿಟ್ಟುಹೋಗಿಲ್ಲ.