ಕಾಯಕಾಧಿಕಾರ ಮತ್ತು ಸ್ತ್ರೀ

ಕಾಯಕವೆಂಬುದು ಕೇವಲ ಉದರಪೋಷಣೆಯ ಉದ್ಯೋಗವಲ್ಲ. ಸತ್ಯಶುದ್ಧವಾಗಿ ಆಚರಿಸಬೇಕಾದ ವ್ರತವದು. ಶರಣಧರ್ಮದಲ್ಲಿ ಲಿಂಗದೀಕ್ಷೆಯು ಸ್ತ್ರೀಪುರುಷರಿಬ್ಬರಿಗೂ ಸಮಾನವಾದುದು. ದೀಕ್ಷೆಯಲ್ಲಿಲ್ಲದ ತಾರತಮ್ಯವು ಕಾಯಕದಲ್ಲಿ ಎಲ್ಲಿಂದ ಬಂದೀತು?

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಭಕ್ತರೆಲ್ಲರೂ ಬಲ್ಲರು. ಪತಿಯಾದ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಅದು ಆಸೆಯ ಅಂಕುರವೆಂದರಿತ ಲಕ್ಕಮ್ಮನು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ತಿಳುಹಿದಳು. ಮಾರಯ್ಯನು ಮರುಮಾತಿಲ್ಲದೆ ಹಾಗೆಯೇ ಮಾಡಿದನು. ಇಲ್ಲಿ ನಿರ್ಣಯಿಸಿದವಳು ಸತಿ, ನಡೆಸಿದವನು ಪತಿ. ಕಾಯಕದ ಮರ್ಮವನ್ನು ಬಲ್ಲವರಿಗೆ ಅದರಲ್ಲಿ ನಿರ್ಣಯಿಸುವ ಅಧಿಕಾರವೂ ಉಂಟೆಂಬುದೇ ಈ ಚರಿತ್ರೆಯ ತಾತ್ಪರ್ಯ.

ರಾಜ್ಯಸೇವೆಯೂ ಕಾಯಕವೇ. ಆದರೆ ಅಲ್ಲಿ ಸ್ತ್ರೀಗೆ ಈ ಅಧಿಕಾರವು ಸುಲಭವಾಗಿ ಲಭಿಸಲಿಲ್ಲ. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಸ್ತ್ರೀ ಅಧಿಕಾರಿಯು ವಿವಾಹಕ್ಕೆ ಮುಂಚೆ ಸರ್ಕಾರದ ಅನುಮತಿ ಪಡೆಯಬೇಕು, ಗೃಹಕೃತ್ಯವು ಸೇವೆಗೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ಅವಳು ಹುದ್ದೆಯನ್ನು ಬಿಡಬೇಕು ಎಂಬ ನಿಯಮವೂ ಇದ್ದಿತು. ಪುರುಷನಿಗೆ ಇಂತಹ ಕಟ್ಟಳೆಯಿರಲಿಲ್ಲ. ಬಡ್ತಿಯು ತಪ್ಪಿದಾಗ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೊಕದ್ದಮೆ ನಡೆಯುತ್ತಿರುವಾಗಲೇ ಅವರಿಗೆ ಬಡ್ತಿ ದೊರೆಯಿತು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತು, ಸಂಸಾರದ ಹೊಣೆಯು ಸ್ತ್ರೀಯ ಸೇವೆಗೆ ಅಡ್ಡಿಯಾಗುವುದಾದರೆ ಪುರುಷನ ಸೇವೆಗೂ ಆದೀತೆಂದು ತೋರಿಸಿ, ಸೇವಾನಿಯಮಗಳಲ್ಲಿನ ತಾರತಮ್ಯವನ್ನು ತೊಡೆದುಹಾಕುವಂತೆ ಸರ್ಕಾರಕ್ಕೆ ತಿಳಿಸಿದರು.

ಹೀಗೆ ಕಾನೂನಿನ ಅಡ್ಡಿಯನ್ನು ಕಾನೂನು ತೆಗೆಯಬಲ್ಲುದು. ಮನೆಯೊಳಗಣ ಅಡ್ಡಿಯನ್ನು ತೆಗೆಯುವವರಾರು? ಕರ್ನಾಟಕದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶಾದ್ಯಂತ ಪಂಚಾಯಿತಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನೂ ಅಧ್ಯಕ್ಷ ಪದವಿಗಳನ್ನೂ ಅವರಿಗೆ ನೀಡಿತು. 2010ರಲ್ಲಿ ಕರ್ನಾಟಕವು ಈ ಪಾಲನ್ನು ಅರ್ಧಕ್ಕೆ ಏರಿಸಿತು. ಆದರೂ ಎಷ್ಟೋ ಕಡೆ ಅಧ್ಯಕ್ಷೆಯ ಹೆಸರು ಫಲಕದಲ್ಲಿರುವುದು; ಕುರ್ಚಿಯಲ್ಲಿ ಆಕೆಯ ಪತಿಯು ಕುಳಿತಿರುವನು. ಆಕೆಯು ರುಜು ಮಾಡುವಳು, ನಿರ್ಣಯವು ಅವನದು.

ಇದು ಲಕ್ಕಮ್ಮ ಮಾರಯ್ಯರ ಚರಿತ್ರೆಗೆ ತೀರ ವಿಪರೀತವಾದ ನಡೆ. ಒಬ್ಬರ ಹಸಿವನ್ನು ಮತ್ತೊಬ್ಬರು ಉಂಡು ತೀರಿಸಲಾಗದು. ಒಬ್ಬರ ಕಾಯಕವನ್ನು ಮತ್ತೊಬ್ಬರು ಮಾಡಿ ಸಲ್ಲಿಸಲಾಗದು. ಪತ್ನಿಯ ಅಧಿಕಾರವನ್ನು ಅಪಹರಿಸಿದ ಪತಿಯು ತನ್ನದಲ್ಲದ ಅಕ್ಕಿಯನ್ನು ಮನೆಗೆ ತಂದವನಂತೆಯೇ ಸರಿ.

ಆದುದರಿಂದ ಸದ್ಗೃಹಸ್ಥರು ಯೋಚಿಸಬೇಕು. ಮಗಳಿಗೆ ವಿದ್ಯೆ ಕೊಟ್ಟು, ಆಕೆಗೆ ಹುದ್ದೆ ದೊರೆತಾಗ ಸಂತೋಷಪಟ್ಟು, ದೂರದ ಊರಿಗೆ ವರ್ಗವಾದೊಡನೆ ರಾಜೀನಾಮೆಯ ಮಾತೆತ್ತುವುದು ಧರ್ಮವಲ್ಲ. ಸೊಸೆಯು ಸಭೆಗೆ ಹೊರಟಾಗ ಅಡಿಗೆಯ ಹೊಣೆಯನ್ನು ಮನೆಯವರು ಹಂಚಿಕೊಳ್ಳಲಿ. ಆಕೆಯು ಸಲಹೆ ಕೇಳಿದರೆ ಹೇಳಲಿ. ನಿರ್ಣಯವನ್ನು ಆಕೆಗೇ ಬಿಡಲಿ. ಆಕೆಯ ನಿರ್ಣಯವು ತಮ್ಮ ಲಾಭಕ್ಕೆ ವಿರೋಧವಾಗಿದ್ದರೂ, ಸತ್ಯಕ್ಕೆ ಅನುಗುಣವಾಗಿದ್ದರೆ, ಮಾರಯ್ಯನಂತೆ ತಲೆಬಾಗಲಿ. ಅಂತಹ ಮನೆಯೇ ಶರಣರು ಮೆಚ್ಚುವ ಮನೆ.