ಪಾಠಶಾಲೆಯ ಬಳಿ ಕೀಟನಾಶಕ: ಮುಂಚಿತವಾಗಿ ತಿಳಿಸತಕ್ಕ ಕ್ರಮ

ಬೆಳೆಗೆ ಹುಳು ಬಿದ್ದಾಗ ಹೊಡೆಯುವ ಕೀಟನಾಶಕವನ್ನು ನಮ್ಮ ರೈತರು 'ಔಷಧ'ವೆಂದು ಕರೆಯುವುದು ವಾಡಿಕೆ. ಪೈರಿಗೆ ಔಷಧವಾದರೂ ಮನುಷ್ಯನಿಗೆ ಅದು ವಿಷವೇ ಸರಿ. ಹೊಡೆಯುವಾತನು ಇದನ್ನರಿತು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬಹುದು. ಬೇಲಿಯಾಚೆಯ ಪಾಠಶಾಲೆಯಲ್ಲಿ ಕುಳಿತಿರುವ ಮಕ್ಕಳಿಗೂ, ಉಪಾಧ್ಯಾಯರಿಗೂ, ಅಡುಗೆಯವರಿಗೂ ಯಾರಾದರೂ ಹೇಳಿದ ಹೊರತು ತಿಳಿಯುವ ಬಗೆಯಿಲ್ಲ.

ಕಾಸರಗೋಡಿನ ದೃಷ್ಟಾಂತ.— ಕಾಸರಗೋಡು ಜಿಲ್ಲೆಯ ಕನ್ನಡ ಸೀಮೆಯಲ್ಲಿ ಪಡ್ರೆ, ಸ್ವರ್ಗ, ವಾಣೀನಗರ ಎಂಬ ಊರುಗಳಿವೆ. ಗುಡ್ಡದ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಪು. ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆತೋಟ, ತೋಡು, ಕುಡಿಯುವ ನೀರಿನ ಸುರಂಗ. ಗೇರಿಗೆ ಬೀಳುವ ಟೀ ಸೊಳ್ಳೆಯನ್ನು ನಿವಾರಿಸಲು 2000ನೆಯ ಇಸವಿಯವರೆಗೆ, 20 ವರ್ಷಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರೂ, ಪತ್ರಕರ್ತರಾದ ಶ್ರೀ ಪಡ್ರೆಯವರೂ ಜನರ ಕಾಯಿಲೆಗಳನ್ನು ಹೊರಜಗತ್ತಿಗೆ ತಿಳಿಸಿದರು. ತರುವಾಯ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತೋಪಿನ ತಪ್ಪಲಿನ 117 ಮಂದಿ ಶಾಲಾ ಬಾಲಕರನ್ನು, ಸಿಂಪಡಣೆಯಿಲ್ಲದ ಕಡೆಯ 90 ಮಂದಿ ಬಾಲಕರೊಡನೆ ಹೋಲಿಸಿ ಪರೀಕ್ಷಿಸಿದರು. ತಪ್ಪಲಿನವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿದ್ದಿತು. ಪ್ರಾಯಕ್ಕೆ ಬರುವುದು ತಡವಾಗಿದ್ದಂತೆಯೂ ಕಂಡುಬಂದಿತು. ಈ ವರದಿ 2003ರಲ್ಲಿ ಪ್ರಕಟವಾಯಿತು. 2011ನೆಯ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷದ ತಯಾರಿಕೆ, ಮಾರಾಟ, ಉಪಯೋಗಗಳನ್ನು ತಡೆಯಿತು.

ನಿಯಮವೇನು?— 1971ರ ಕೀಟನಾಶಕ ನಿಯಮಗಳ ಪ್ರಕಾರ, ಆಕಾಶದಿಂದ ಸಿಂಪಡಿಸುವುದನ್ನು ಸಾರ್ವಜನಿಕರಿಗೆ 24 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಮುಂಚಿತವಾಗಿ ತಿಳಿಸತಕ್ಕದ್ದು. ಕೆಲಸಕ್ಕೆ ಸಂಬಂಧಪಡದ ಜನವೂ ದನವೂ ನಿಗದಿಯಾದ ಕಾಲದವರೆಗೆ ಆ ಸ್ಥಳಕ್ಕೆ ಬಾರದಂತೆ ತಡೆಯತಕ್ಕದ್ದು. ಬೆನ್ನಿನ ಪಂಪಿನಿಂದ ಹೊಡೆಯುವವನಿಗೆ ಈ ನಿಯಮ ಅನ್ವಯಿಸದಿದ್ದರೂ ಗಾಳಿಯು ಪಂಪಿಗೂ ವಿಮಾನಕ್ಕೂ ಭೇದವೆಣಿಸುವುದಿಲ್ಲ. ಆದಕಾರಣ ಶಾಲೆಯ ಪಕ್ಕದ ಭೂಮಾಲೀಕರು ಈ ಪದ್ಧತಿಯನ್ನು ತಾವಾಗಿಯೇ ಅನುಸರಿಸುವುದು ಲೇಸು.

ತಿಳಿಸುವ ಕ್ರಮ.—
1. ಹಿಂದಿನ ದಿನವೇ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡತಕ್ಕದ್ದು. ವಿಷದ ಹೆಸರು, ಹೊಡೆಯುವ ಸ್ಥಳ, ದಿನ, ವೇಳೆ, ಮತ್ತೆ ಯಾವಾಗ ಅತ್ತ ಸುಳಿಯಬಹುದು ಎಂಬ ಐದು ಸಂಗತಿಗಳೂ ಅದರಲ್ಲಿರಬೇಕು.
2. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನೂ ತಿಳಿಸತಕ್ಕದ್ದು. ಕೆಂಪು ಅತ್ಯಂತ ಉಗ್ರ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೆ ನಿರಪಾಯವೆಂದು ಭಾವಿಸಕೂಡದು.
3. ಕಾಗದ ಓದಲಾರದ ತಾಯಿತಂದೆಯರಿಗಾಗಿ ಟಾಂಟಾಂ ಹೊಡೆಸಬಹುದು. ಮಕ್ಕಳ ಬಾಯಲ್ಲಿಯೂ ಹೇಳಿ ಕಳುಹಿಸಬಹುದು.
4. ಬಾವಿ, ತೊಟ್ಟಿ, ಅಡುಗೆಯ ಪಾತ್ರೆಗಳನ್ನು ಮುಚ್ಚಲು ಅಡುಗೆಯವರಿಗೆ ಪ್ರತ್ಯೇಕವಾಗಿ ಹೇಳತಕ್ಕದ್ದು.
5. ರಜೆಯ ದಿನ, ಗಾಳಿಯಿಲ್ಲದ ವೇಳೆಯಲ್ಲಿಯೇ ಹೊಡೆಯುವುದು ಉತ್ತಮ.

ಶಾಲೆಯ ಒಳಗೆ.— 2013ನೆಯ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿದ್ದಿತು. ಅಡುಗೆಯಾಕೆಯೂ ಅದನ್ನುಂಡು ಕಾಯಿಲೆ ಬಿದ್ದಳು. ವಿಷದ ಡಬ್ಬಿಯನ್ನು ಅಡುಗೆಯ ಸಾಮಾನಿನೊಡನೆ ಇಡಕೂಡದು. ಬರಿದಾದ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಲೂ ಕೂಡದು.

ಪಟ್ಟಣದ ಅಂಚಿನವರೂ ಇದು ಹಳ್ಳಿಯ ಮಾತೆಂದು ಬಿಡುವಂತಿಲ್ಲ. ಬೆಂಗಳೂರಿನ ಪಶ್ಚಿಮದ ಶ್ರೀಗಂಧದ ಕಾವಲ್ ಹೆಸರಿನಲ್ಲಿ ಕಾವಲೇ ಆದರೂ ಈಗ ಮನೆಗಳು ತುಂಬಿದ ಬಡಾವಣೆ. ಅಂತಹ ಕಡೆ ಪೈರಿನ ಹುಳುವಿಗೆ ಬದಲಾಗಿ ಸೊಳ್ಳೆ, ಗೆದ್ದಲು, ಜಿರಳೆಗಳಿಗೆ ವಿಷ ಹಾಕುತ್ತಾರೆ. ಮುಚ್ಚಿದ ಕೊಠಡಿಯಲ್ಲಿ ಅದರ ಆವಿ ನಿಲ್ಲುವುದರಿಂದ, ಅಲ್ಲಿಯೂ ಮುಂಚಿತವಾಗಿ ತಿಳಿಸುವುದೂ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸುವುದೂ ಅವಶ್ಯಕ.

ಕೊನೆಯದಾಗಿ ಒಂದು ಮಾತು. ತಿಳಿಸಿದ ಮಾತ್ರಕ್ಕೆ ವಿಷವು ವಿಷವಲ್ಲದಾಗದು. ಬಾವಿಯನ್ನು ಮುಚ್ಚಬಹುದು, ತೋಡನ್ನು ಮುಚ್ಚಲಾಗದು. ಆದ್ದರಿಂದ ಶಾಲೆಯ ಬಳಿ ಹೊಡೆಯಲೇಬೇಕೇ ಎಂಬುದನ್ನು ಮೊದಲು ವಿಚಾರಿಸಿ, ಅನಿವಾರ್ಯವಾದರೆ ಮಾತ್ರ ಹೇಳಿ ಹೊಡೆಯತಕ್ಕದ್ದು. ದಿನವೂ ವೇಳೆಯೂ ಭೂಮಾಲೀಕರಿಗೇ ಮೊದಲು ತಿಳಿದಿರುವುದರಿಂದ ಹೇಳುವ ಹೊಣೆಯೂ ಅವರದೇ. ಅದು ನೆರವೇರಿತೇ ಎಂದು ನೋಡುವುದು ಗ್ರಾಮದ ಮುಖಂಡರ ಕರ್ತವ್ಯ.